ನಾಲ್ಕನೆಯ ಮೆಟ್ಟಿಲು

ಪರೇಲಿನ ನಮ್ಮ ಚಾಳಿಗೆ ಮೂರು ಮಾಳಿಗೆ,
ಮಾಳಿಗೆಗೊಂದು ನಳ, ನಸುಕಿನ ನಾಲ್ಕಕ್ಕೆ ನೀರು.
ಅವ್ವ ಆಗ ಹೆಂಗಸರ ವಾರ್ಡಿನ ಆಯಾ,
ಹಾಜರಿಪುಸ್ತಕದಲ್ಲಿ ನೀಲಾಬಾಯಿ,
ಇಂಡಿ ಕಡೆಯವರಿಗೆ ನೀಲಗಂಗವ್ವ.
ಓದು ಬಾರದು. ಎಣಿಕೆ ಬರುತ್ತಿತ್ತು.

ಪಾಳಿಯಲ್ಲಿ ಕೊಡ ಇಟ್ಟು ಯಾರಾದರೂ
ಮಾತಿಲ್ಲದೆ ಅವಳ ಪಕ್ಕ ನಿಂತರೆ
ನನ್ನನ್ನು ಬೆಲ್ಲ ತರಲು ಕಳಿಸುತ್ತಿದ್ದಳು.
ಮನೆಯಲ್ಲಿ ಬೆಲ್ಲ ಇರುತ್ತಿತ್ತು.
ನಾನು ಮೆಟ್ಟಿಲ ಕೆಳಗೆ ಕೂತು ಕೇಳುತ್ತಿದ್ದೆ.

"ಮಾಡ್ಕೋ ಅಂತ ಹೇಳೂದಿಲ್ಲ,
ಬ್ಯಾಡಂತನೂ ಹೇಳೂದಿಲ್ಲ.
ಕಾಯ್ದೆ ಐತಿ, ನನಗ ನೌಕರಿ ಐತಿ.
ಆದ್ರ ಎಕ್ಕಿ ಕಡ್ಡಿ ಮುಟ್ಟಬ್ಯಾಡ.
ಆ ಗಿರಣಿ ಹಿಂದಿನ ಮುದುಕಿ ಕೈ ತೊಳ್ಕೊಳ್ಳೂದಿಲ್ಲ,
ಕಣ್ಣಾರೆ ಕಂಡೇನಿ.
ಎಷ್ಟು ದಿನ ಆತು? ಹುಣ್ಣಿವಿ ಲೆಕ್ಕ ಬಿಡು,
ಎಷ್ಟು ಪಗಾರ ಆದುವು, ಅದನ್ನ ಹೇಳು.
ಮುಂದ ಏನರ ಆದ್ರ ಬಟ್ಟಿ ಎಣಸು.
ತಾಸಿನಾಗ ಎರಡು ತೊಯ್ದ್ರ
ಗಂಡನ ಪಾಳಿ ಮುಗಿಯೂತನ ಕಾಯಬ್ಯಾಡ.
ಮೈ ಸುಟ್ರ ಕಾಯಬ್ಯಾಡ. ನಾತ ಬಂದ್ರ ಕಾಯಬ್ಯಾಡ.
ದವಾಖಾನಿಗೆ ಬಾ. ನಾ ಇರ್ತೇನಿ.
ನಾ ಇಲ್ದಿದ್ರೂ ಬಾ."

ಬಂದವರಿಗೆ ಬಾಗಿಲಲ್ಲೇ ಒಂದು ಪ್ರಶ್ನೆ:
ಏನಾಯಿತು?
ಊರಿಂದ ಹೊಸದಾಗಿ ಬಂದ ಕಾಶಿಂಬಿ
ಬಾವಿಕಟ್ಟೆಯಲ್ಲಿ ಜಾರಿದೆ ಅಂದಳಂತೆ.
ಪರೇಲಿನಲ್ಲಿ ಯಾವ ಬಾವಿ? ಹವಾಲ್ದಾರ ನಕ್ಕನಂತೆ.
ನೆತ್ತರು ಹರಿಯುತ್ತಿದ್ದವಳ ಮಗ್ಗುಲಿಗೆ ಸ್ಟೂಲು ಎಳೆದುಕೊಂಡು
ಎರಡು ತಾಸು ಬಾವಿಯ ಆಳ ಕೇಳಿದನಂತೆ.

ಅಂದಿನಿಂದ ಅವ್ವ ಸುಳ್ಳನ್ನೂ ಕಲಿಸತೊಡಗಿದಳು.
"ಮೆಟ್ಟಲಾ ಅನ್ನು. ಎರಡನೇ ಮಾಳಿಗಿ, ನಾಕನೇದು.
ಕೈಯಾಗ ತುಂಬಿದ ಕೊಡ ಇತ್ತು ಅನ್ನು.
ಕತ್ತಲಿತ್ತು ಅನ್ನು. ಅದರ ಖರೇನ ಐತಿ."

ಹೀಗೆ ಆ ವರ್ಷ, ಅರವತ್ತಾರೋ ಅರವತ್ತೇಳೋ,
ನಮ್ಮ ನಾಲ್ಕನೆಯ ಮೆಟ್ಟಿಲಿಂದ ಬಿದ್ದವರು:
ಶೇವಂತಿ, ಪಾರೂಬಾಯಿ, ಕಾಶಿಂಬಿಯ ನಾದಿನಿ,
ಪಕ್ಕದ ಚಾಳಿನ ಇಬ್ಬರು,
ನಮ್ಮ ಚಾಳನ್ನೇ ಕಂಡಿರದ
ಬೈಕಳಾದ ಒಬ್ಬಳು ಟೀಚರು.
ಡಾಕ್ಟರ್ ಖೋರ್ಶೆದ್‌ಬಾಯಿ ಕನ್ನಡಕ ಸರಿಮಾಡಿಕೊಂಡು
ಬರೆಯುತ್ತಿದ್ದರು: ಮೆಟ್ಟಿಲು.
ಒಮ್ಮೆ ಮಾತ್ರ ತಲೆಯೆತ್ತದೆ ಅಂದರಂತೆ,
ನೀಲಾ, ಬೇರೆ ಮೆಟ್ಟಿಲು ಇಲ್ಲವೇ?

ಹವಾಲ್ದಾರ ಚಾಳಿಗೇ ಬಂದ.
ನಾಲ್ಕನೆಯದನ್ನು ಬೂಟುಗಾಲಲ್ಲಿ ಒದ್ದ.
ತೇಗದ ಹಲಗೆ, ಅಲುಗಲಿಲ್ಲ.
ನಾಳೆ ಸಾಹೇಬರನ್ನು ಕರೆತರುತ್ತೇನೆ ಎಂದು ಹೋದ.

ಆ ರಾತ್ರಿ ಅವ್ವ ಹಾರೆ ಹಿಡಿದು ಹೊರಬಿದ್ದಳು.
ಮೊದಲ ಪೆಟ್ಟಿಗೆ ಇಡೀ ಚಾಳು ಎದ್ದಿರಬೇಕು.
ಒಂದು ಬಾಗಿಲೂ ತೆರೆಯಲಿಲ್ಲ.
ಎರಡನೆಯ ಪೆಟ್ಟಿಗೆ, ಮೇಲಿನ ಮಾಳಿಗೆಯಲ್ಲಿ
ಯಾರೋ ಮೆಣಸಿನಕಾಯಿ ಕುಟ್ಟತೊಡಗಿದರು,
ರಾತ್ರಿ ಒಂದಕ್ಕೆ.
ಆಮೇಲೆ ಕೆಳಗಿನವರು. ಆಮೇಲೆ ನಮ್ಮ ಎದುರಿನವರು.
ಘಾಟಿಗೆ ಕೂಸುಗಳೆಲ್ಲ ಸೀನಿದವು.

ಬೆಳಿಗ್ಗೆ ಸಾಹೇಬರ ಕಾಲೇ ಸಿಕ್ಕಿಕೊಂಡಿತು.

ಎಲ್ಲರೂ ಬರಲಿಲ್ಲ.
ಎದುರು ಕೋಣೆಯ ಯಲ್ಲೂಬಾಯಿ
ಗಂಡನ ಪಾಳಿ ಮುಗಿಯುವ ತನಕ ಕಾದಳು.
ಅವ್ವ ಮಂಚದ ಕೆಳಗಿನ ಬಟ್ಟೆ ಎಣಿಸಿದಳು, ತುಟಿ ಅಲ್ಲಾಡಿಸುತ್ತ.
ಹನ್ನೊಂದು.
ಮತ್ತೆ ಮೊದಲಿಂದ ಎಣಿಸಿದಳು.

ಎಪ್ಪತ್ತೆರಡಕ್ಕೆ ಹೊಸ ಕಾಯ್ದೆ ಜಾರಿಗೆ ಬಂತು.
ವಾರ್ಡಿನಲ್ಲಿ ಪೇಢೆ ಹಂಚಿದರು.
ಅವ್ವ ತನ್ನ ಪಾಲನ್ನು ಸೆರಗಿಗೆ ಕಟ್ಟಿಕೊಂಡು ಬಂದು
ನೋಡೂಣು, ಅಂದಳು, ಅಷ್ಟೆ.
ಮಾಲೀಕ ಹೊಸ ಹಲಗೆ ಹಾಕಿಸಿದ.
ಆದರೂ ಎಲ್ಲರೂ ಅದನ್ನು ದಾಟಿಯೇ ಹತ್ತುತ್ತಿದ್ದರು.

ಮೊನ್ನೆ ನಮ್ಮ ಕೆಲಸದ ಹುಡುಗಿ
ಪಾತ್ರೆ ತೊಳೆದ ಮೇಲೂ ನಳ ನಿಲ್ಲಿಸದೆ ನಿಂತಳು.
ಹದಿನೇಳಿರಬಹುದು.
ಔಷಧದಂಗಡಿಯವ ಆಧಾರ್ ಕಾರ್ಡು ಕೇಳಿದನಂತೆ,
ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ತಿಳಿಸಲೇಬೇಕಂತೆ.
ನಾನು ಕುರ್ಚಿ ಎಳೆದು ಅವಳನ್ನು ಕೂರಿಸಿದೆ.
ಮೊಮ್ಮಗಳನ್ನು ಕರೆದು
ಬೆಲ್ಲ ತಾ ಹೋಗು, ಅಂದೆ.

ಡಬ್ಬಿ ತುಂಬ ಇದೆಯಲ್ಲ ಅಜ್ಜಿ, ಅಂದಳು.